ದೇವಭಯ ಮತ್ತು ವಿವೇಕ: ಬಸರಾ-ಕೂಫಾದ ಮೂವರು ವ್ಯಾಪಾರಿಗಳು

ವಿವೇಕಕ್ಕೆ ಅರಬಿ ಭಾಷೆಯಲ್ಲಿ 'ಹಿಕ್ಮತ್' ಎಂಬ ಪದವಿದೆ. ಕನ್ನಡಿಗರ ಕಿವಿಗೂ ಪರಿಚಿತವಾಗಿರುವ ಹುಕುಂ, ಹಕೀಮ ಮುಂತಾದ ಪದಗಳು ಅದೇ ಧಾತುವಿನಿಂದ ಹುಟ್ಟಿದವು. ಈ ಕುಟುಂಬದಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲದ ಇನ್ನೊಂದು ಪದವುಂಟು, 'ಹಕಮಃ'. ಕುದುರೆಯ ಬಾಯಿಯನ್ನು ಬಿಗಿದು ಹಿಡಿಯುವ ಕಡಿವಾಣದ ಭಾಗಕ್ಕೆ ಅರಬರು ಕೊಟ್ಟ ಹೆಸರು ಇದು. ಕುದುರೆಗೆ ಓಡಲು ಯಾರೂ ಕಲಿಸಬೇಕಾಗಿಲ್ಲ. ನಿಲ್ಲಬೇಕಾದ ಕಡೆಯಲ್ಲಿ ನಿಲ್ಲುವುದನ್ನು ಮಾತ್ರ ಕಲಿಸಬೇಕು. ಹಿಕ್ಮತ್ ಎಂಬುದನ್ನು ವಿವರಿಸುವಾಗ ಅರಬಿ ನಿಘಂಟುಕಾರರು ಈ ಕಡಿವಾಣವನ್ನು ನೆನೆಯುವುದು ಬಹಳ ಅರ್ಥಪೂರ್ಣವಾಗಿದೆ. ಬುದ್ಧಿಯ ಚುರುಕುತನವೇ ಬೇರೆ, ವಿವೇಕವೇ ಬೇರೆ ಎಂಬುದು ಆ ಭಾಷೆಯ ಒಡಲಿನಲ್ಲಿಯೇ ಅಡಗಿದೆ.

ಹಾಗಾದರೆ ಬುದ್ಧಿಗೆ ಕಡಿವಾಣ ತೊಡಿಸುವುದು ಯಾವುದು? ದೇವಭಯವೇ ವಿವೇಕದ ಶಿರಸ್ಸು ಎಂಬ ಅರ್ಥದ ಮಾತೊಂದು ಸಹಾಬಿ ಅಬ್ದುಲ್ಲಾಹ್ ಇಬ್ನ್ ಮಸ್‌ಊದ್(ರ) ಅವರಿಂದ ವರದಿಯಾಗಿದೆ. ಇದನ್ನು ಪ್ರವಾದಿ(ಸ)ಯವರ ವಚನವೆಂದೇ ಹಲವರು ಭಾಷಣಗಳಲ್ಲಿ ಹೇಳುವುದುಂಟು. ಆದರೆ ಆ ವರದಿಯ ಸನದು ದುರ್ಬಲವೆಂದು ಹದೀಸ್ ಪಂಡಿತರು ಹೇಳಿರುವುದರಿಂದ ಇಬ್ನ್ ಮಸ್‌ಊದರ ಹೆಸರಿನಲ್ಲಿ ನಿಲ್ಲಿಸುವುದೇ ಲೇಸು. ಇದೇ ಆಶಯ ಯಹೂದಿ ಮತ್ತು ಕ್ರೈಸ್ತರ ಪವಿತ್ರ ಗ್ರಂಥದಲ್ಲಿಯೂ ಇದೆಯೆಂಬುದನ್ನು ಬಲ್ಲವರು ಬಲ್ಲರು. ಪವಿತ್ರ ಕುರ್‌ಆನಿನಲ್ಲಿ ಲುಕ್ಮಾನರಿಗೆ ಹಿಕ್ಮತ್ ದಯಪಾಲಿಸಿದ ಪ್ರಸ್ತಾಪದ ಬೆನ್ನಿಗೇ ಬರುವುದು ಅಲ್ಲಾಹನಿಗೆ ಕೃತಜ್ಞರಾಗಿರಬೇಕೆಂಬ ಆದೇಶ.

ಭಯವೆಂದರೆ ಇಲ್ಲಿ ಹುಲಿಯ ಭಯವಲ್ಲ, ಪೊಲೀಸರ ಭಯವೂ ಅಲ್ಲ. ತಕ್ವಾ ಎಂದರೇನೆಂದು ಹಝ್ರತ್ ಉಮರ್(ರ) ಒಮ್ಮೆ ಉಬಯ್ಯ್ ಇಬ್ನ್ ಕಅಬ್(ರ) ಅವರನ್ನು ಕೇಳಿದರಂತೆ. ಮುಳ್ಳು ತುಂಬಿದ ಹಾದಿಯಲ್ಲಿ ನಡೆದದ್ದುಂಟೇ ಎಂದು ಉಬಯ್ಯ್ ಮರುಪ್ರಶ್ನೆ ಹಾಕಿದರು. ಉಂಟೆಂದು ಉಮರ್ ಉತ್ತರಿಸಿದರು. ಆಗ ಏನು ಮಾಡಿದಿರಿ ಎಂದು ಕೇಳಲಾಗಿ, ಉಡುಪನ್ನು ಎತ್ತಿ ಹಿಡಿದು ಎಚ್ಚರದಿಂದ ಹೆಜ್ಜೆಯಿಟ್ಟೆನೆಂದರು. ಅದುವೇ ತಕ್ವಾ ಎಂದು ಉಬಯ್ಯ್ ವಿವರಿಸಿದರು. ಮುಳ್ಳಿಗೆ ಹೆದರಿ ಮನೆಯಲ್ಲಿ ಕುಳಿತುಕೊಳ್ಳುವುದು ತಕ್ವಾ ಅಲ್ಲವೆಂಬುದನ್ನು ಗಮನಿಸಬೇಕು. ಹಾದಿ ನಡೆಯಲೇಬೇಕು.

ಮುಳ್ಳುಗಳು ಅತ್ಯಂತ ದಟ್ಟವಾಗಿರುವ ಹಾದಿ ಯಾವುದೆಂದು ಕೇಳಿದರೆ ಸಂತೆಯ ಹಾದಿ ಎಂದೇ ಹೇಳಬೇಕಾಗುತ್ತದೆ. ಉಮರ್(ರ) ಅವರ ಮುಂದೆಯೇ ನಡೆದ ಮತ್ತೊಂದು ಪ್ರಸಂಗವಿದೆ. ಒಬ್ಬಾತನು ಇನ್ನೊಬ್ಬನ ಸಚ್ಚಾರಿತ್ರ್ಯಕ್ಕೆ ಸಾಕ್ಷಿ ನುಡಿಯಲು ಬಂದನು. ಅವನ ನೆರೆಮನೆಯವನೇ ನೀನು? ಅಲ್ಲ. ಅವನೊಡನೆ ಪ್ರಯಾಣ ಮಾಡಿರುವೆಯಾ? ಇಲ್ಲ. ದೀನಾರ್ ದಿರ್ಹಮುಗಳ ವ್ಯವಹಾರ ಮಾಡಿರುವೆಯಾ? ಅದೂ ಇಲ್ಲ. ಹಾಗಾದರೆ ಅವನು ಮಸೀದಿಯಲ್ಲಿ ತಲೆ ತಗ್ಗಿಸುವುದನ್ನೂ ಎತ್ತುವುದನ್ನೂ ಮಾತ್ರ ನೀನು ಕಂಡಿರಬೇಕು, ನಿನಗೆ ಅವನ ಪರಿಚಯವಿಲ್ಲವೆಂದು ಖಲೀಫರು ಅವನನ್ನು ಕಳುಹಿಸಿಬಿಟ್ಟರು.

ಅದೇ ಉಮರ್(ರ) ಅವರ ಆಳ್ವಿಕೆಯಲ್ಲಿ ಇರಾಕಿನ ನೆಲದಲ್ಲಿ ಸೇನಾ ಬಿಡಾರಗಳಾಗಿ ಬಸರಾ ಮತ್ತು ಕೂಫಾ ತಲೆಯೆತ್ತಿದವು. ಕೂಫಾದ ಜನರಿಗೆ ಧರ್ಮವನ್ನು ಕಲಿಸಲು ಅವರು ಕಳುಹಿಸಿದ್ದು, ಮೇಲೆ ಹೇಳಿದ ಇಬ್ನ್ ಮಸ್‌ಊದ್(ರ) ಅವರನ್ನೇ. ಒಂದೆರಡು ತಲೆಮಾರುಗಳಲ್ಲಿ ಆ ಬಿಡಾರಗಳು ದೊಡ್ಡ ನಗರಗಳಾದವು. ಬಟ್ಟೆ, ಎಣ್ಣೆ, ಧಾನ್ಯಗಳ ವ್ಯಾಪಾರ ಬೆಳೆಯಿತು. ಹಣ ಹರಿದುಬಂತು. ಮಸೀದಿಯ ಒಂದು ಕಂಬದ ಬಳಿ ಹದೀಸ್ ಪಾಠ, ಹೊರಗೆ ಬಂದರೆ ಅಂಗಡಿ ಬೀದಿ. ಅಂದಿನ ವಿದ್ವಾಂಸರಲ್ಲಿ ಅನೇಕರು ಪಾಠ ಹೇಳಿ ಹೊಟ್ಟೆ ಹೊರೆಯುತ್ತಿರಲಿಲ್ಲ, ಅಂಗಡಿಯಿಟ್ಟು ಬದುಕುತ್ತಿದ್ದರು. ಆದುದರಿಂದ ಅವರ ದೇವಭಯವನ್ನು ಅಳೆಯಲು ನಮಗೆ ತಕ್ಕಡಿಯ ಸಾಕ್ಷ್ಯವೂ ದೊರೆಯುತ್ತದೆ.

ಮೊದಲಿಗೆ ಬಸರಾದ ಮುಹಮ್ಮದ್ ಇಬ್ನ್ ಸೀರೀನ್(ರಹ್). ಇವರು ಹಿಜರಿ 110ರಲ್ಲಿ, ಅಂದರೆ ಕ್ರಿ.ಶ. 729ರಲ್ಲಿ ನಿಧನರಾದರು. ತಂದೆ ಸೀರೀನ್ ಯುದ್ಧದಲ್ಲಿ ಸೆರೆಸಿಕ್ಕಿ ಪ್ರವಾದಿ(ಸ)ಯವರ ಸೇವಕರಾಗಿದ್ದ ಅನಸ್ ಇಬ್ನ್ ಮಾಲಿಕ್(ರ) ಅವರ ಗುಲಾಮರಾಗಿ, ಒಪ್ಪಂದದ ಮೊತ್ತವನ್ನು ತೆತ್ತು ವಿಮೋಚನೆ ಪಡೆದವರು. ಇಂದು ಇಬ್ನ್ ಸೀರೀನರ ಹೆಸರು ಜನರ ಬಾಯಲ್ಲಿರುವುದು ಕನಸಿನ ಫಲ ಹೇಳುವ ಪುಸ್ತಕದಿಂದಾಗಿ. ಆ ಪುಸ್ತಕ ಅವರ ಕಾಲಾನಂತರದ್ದು. ಅವರನ್ನು ಅರಿಯಬೇಕಾದರೆ ಕನಸುಗಳಿಗಿಂತ ಅವರ ಎಣ್ಣೆ ವ್ಯಾಪಾರವನ್ನು ನೋಡಬೇಕು.

ಒಮ್ಮೆ ಅವರು ನಲವತ್ತು ಸಾವಿರ ದಿರ್ಹಮುಗಳ ಎಣ್ಣೆಯನ್ನು ಸಾಲದ ಮೇಲೆ ಖರೀದಿಸಿದರು. ತೊಗಲಿನ ಚೀಲವೊಂದನ್ನು ಬಿಚ್ಚಿದಾಗ ಅದರಲ್ಲಿ ಸತ್ತ ಇಲಿ ಕಂಡಿತು. ಒಂದು ಚೀಲವನ್ನು ಚೆಲ್ಲಿ ಉಳಿದುದನ್ನು ಮಾರಬಹುದಿತ್ತು. ಆದರೆ ಇಲಿ ಬಿದ್ದದ್ದು ಚೀಲದಲ್ಲಲ್ಲ, ಗಾಣದಲ್ಲಿಯೇ ಇದ್ದಿರಬಹುದು; ಹಾಗಿದ್ದರೆ ಎಲ್ಲ ಚೀಲಗಳ ಎಣ್ಣೆಯೂ ಅಶುದ್ಧವೇ ಎಂದು ಅವರು ತರ್ಕಿಸಿ ಸರ್ವವನ್ನೂ ಚೆಲ್ಲಿಸಿದರು. ಸಾಲ ತೀರಿಸಲಾಗಲಿಲ್ಲ. ಸಾಲಿಗನು ದೂರು ಕೊಟ್ಟನು. ಬಸರಾದ ಪ್ರಸಿದ್ಧ ವಿದ್ವಾಂಸರು ಸೆರೆಮನೆ ಸೇರಿದರು.

ಇದು ವಿವೇಕವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಾರಿದವನಿಗೇ ಹಿಂದಿರುಗಿಸಬಾರದಿತ್ತೇ? ಬಾರದಿತ್ತು ಎಂದು ಫಿಕ್‌ಹ್ ಹೇಳುವುದಿಲ್ಲ. ಆದರೆ ಹಿಂದಿರುಗಿದ ಎಣ್ಣೆ ನೆಲಕ್ಕೆ ಚೆಲ್ಲಲ್ಪಡುವುದು ಅಪರೂಪ. ಅದು ಇನ್ನೊಂದು ಅಂಗಡಿಯನ್ನೂ ಅಲ್ಲಿಂದ ಇನ್ನೊಬ್ಬನ ಅಡುಗೆಮನೆಯನ್ನೂ ಸೇರುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಇಬ್ನ್ ಸೀರೀನರು ತಮ್ಮ ಧರ್ಮನಿಷ್ಠೆಯ ಬೆಲೆಯನ್ನು ಸಾಲಿಗನ ತಲೆಗೆ ಕಟ್ಟಲಿಲ್ಲ. ದೇವರಿಗಾಗಿ ನಷ್ಟ ಮಾಡಿಕೊಂಡೆ, ಆದುದರಿಂದ ನನ್ನನ್ನು ಬಿಟ್ಟುಬಿಡು ಎನ್ನಲಿಲ್ಲ. ಎಣ್ಣೆ ಚೆಲ್ಲಿದ್ದು ಅವರ ನಿರ್ಧಾರ, ಸಾಲ ಸಾಲಿಗನ ಹಕ್ಕು. ದೇವಭಯದ ಹೆಸರಿನಲ್ಲಿ ಇನ್ನೊಬ್ಬರ ಹಕ್ಕನ್ನು ಮೊಟಕುಗೊಳಿಸುವವರನ್ನು ನಾವು ಎಷ್ಟೋ ಮಂದಿಯನ್ನು ಕಂಡಿದ್ದೇವೆ. ಇವರು ಅವರ ಸಾಲಿಗೆ ಸೇರಿದವರಲ್ಲ.

ಸೆರೆಮನೆಯಲ್ಲಿ ನಡೆದುದು ಇನ್ನೂ ಸೋಜಿಗದ ವಿಷಯ. ಕಾವಲುಗಾರನಿಗೆ ಇವರ ಮೇಲೆ ಗೌರವ. ರಾತ್ರಿ ಮನೆಗೆ ಹೋಗಿ ಮಡದಿ ಮಕ್ಕಳೊಡನೆ ಇದ್ದು ಬೆಳಿಗ್ಗೆ ಬಂದುಬಿಡಿ ಎಂದನು. ನಿನ್ನನ್ನು ನೇಮಿಸಿದವನಿಗೆ ನೀನು ದ್ರೋಹ ಬಗೆಯಲು ನಾನು ನೆರವಾಗಲಾರೆನೆಂದು ಇವರು ನಿರಾಕರಿಸಿದರು. ಅಷ್ಟರಲ್ಲಿ ವೃದ್ಧರಾಗಿದ್ದ ಅನಸ್(ರ) ನಿಧನರಾದರು. ತಮ್ಮ ಮೃತದೇಹಕ್ಕೆ ಇಬ್ನ್ ಸೀರೀನರೇ ಸ್ನಾನ ಮಾಡಿಸಬೇಕೆಂದು ಅವರು ವಸಿಯ್ಯತ್ ಮಾಡಿದ್ದರು. ಅಧಿಕಾರಿಗಳು ಅನುಮತಿಯಿತ್ತರು. ನನ್ನನ್ನು ಸೆರೆಗೆ ಹಾಕಿಸಿದ್ದು ಅಧಿಕಾರಿಯಲ್ಲ, ಹಣ ಬರಬೇಕಾದವನು, ಅವನೂ ಒಪ್ಪಬೇಕು ಎಂದರು ಇಬ್ನ್ ಸೀರೀನ್. ಅವನೂ ಒಪ್ಪಿದ ಬಳಿಕವೇ ಹೊರಬಂದು, ಆ ಕರ್ತವ್ಯವನ್ನು ಮುಗಿಸಿ ಮರಳಿದರು.

ಈ ಸಾಲ ತಮ್ಮ ಮೇಲೆ ಬಂದುದಕ್ಕೆ ಅವರು ಯಾರನ್ನೂ ದೂರಲಿಲ್ಲ. ನಲವತ್ತು ವರ್ಷಗಳ ಹಿಂದೆ ಒಬ್ಬ ಮನುಷ್ಯನನ್ನು 'ದಿವಾಳಿಯಾದವನೇ' ಎಂದು ಹಂಗಿಸಿದ್ದೆ, ಇದು ಅದರ ಫಲ ಎನ್ನುತ್ತಿದ್ದರಂತೆ. ಇದನ್ನು ಕೇಳಿದ ಸೂಫಿ ಅಬೂ ಸುಲೈಮಾನ್ ಅದ್ದಾರಾನಿ, ಅವರ ಪಾಪಗಳು ಕಡಿಮೆಯಿದ್ದುದರಿಂದ ಪೆಟ್ಟು ಎಲ್ಲಿಂದ ಬಿತ್ತೆಂದು ಅವರಿಗೆ ತಿಳಿಯುತ್ತಿತ್ತು, ನಮ್ಮವು ಹೆಚ್ಚಾದುದರಿಂದ ನಮಗೆ ತಿಳಿಯುವುದಿಲ್ಲ ಎಂದು ವ್ಯಾಖ್ಯಾನಿಸಿದ್ದಾರೆ. ಇಬ್ನ್ ಸೀರೀನರ ಮರಣಾನಂತರ ಅವರ ಮಗ ಅಬ್ದುಲ್ಲಾಹ್ ತಂದೆಯ ಸಾಲದ ಬಾಬ್ತು ಮೂವತ್ತು ಸಾವಿರ ದಿರ್ಹಮುಗಳನ್ನು ಸಲ್ಲಿಸಿದರೆಂದು ಚರಿತ್ರೆಕಾರರು ದಾಖಲಿಸುತ್ತಾರೆ.

ಅದೇ ಊರಿನ ಯೂನುಸ್ ಇಬ್ನ್ ಉಬೈದ್(ರಹ್) ಹಸನುಲ್ ಬಸರಿಯವರ ಶಿಷ್ಯರು, ರೇಷ್ಮೆ ಬೆರೆತ 'ಖಝ್' ಎಂಬ ಬಟ್ಟೆಯ ವರ್ತಕರು. ಹಿಜರಿ 139ರಲ್ಲಿ ತೀರಿಕೊಂಡರು. ಇಮಾಮ್ ಗಝ್ಝಾಲಿಯವರು ವ್ಯಾಪಾರದ ಶಿಷ್ಟಾಚಾರಗಳನ್ನು ವಿವರಿಸುವಾಗ ಇವರನ್ನು ಮತ್ತೆ ಮತ್ತೆ ನೆನೆಯುತ್ತಾರೆ. ಇವರ ಅಂಗಡಿಯಲ್ಲಿ ಇನ್ನೂರು ದಿರ್ಹಮಿನ ಉಡುಪುಗಳೂ ನಾನೂರರವೂ ಇದ್ದವು. ಇವರು ನಮಾಝಿಗೆ ಹೋಗಿದ್ದಾಗ ಅಣ್ಣನ ಮಗನು ಹಳ್ಳಿಯಿಂದ ಬಂದ ಗಿರಾಕಿಯೊಬ್ಬನಿಗೆ ಇನ್ನೂರರ ಉಡುಪನ್ನು ನಾನೂರಕ್ಕೆ ಮಾರಿಬಿಟ್ಟನು. ದಾರಿಯಲ್ಲಿ ಎದುರಾದ ಗಿರಾಕಿಯ ಕೈಯಲ್ಲಿದ್ದ ಬಟ್ಟೆಯನ್ನು ಗುರುತಿಸಿ ಯೂನುಸರು ಬೆಲೆ ವಿಚಾರಿಸಿದರು. ನಮ್ಮೂರಿನಲ್ಲಿ ಇದು ಐನೂರು ಬಾಳುತ್ತದೆ, ನಾನು ಸಂತುಷ್ಟನಾಗಿಯೇ ಕೊಂಡೆನೆಂದು ಅವನು ಹೇಳಿದರೂ ಬಿಡದೆ ಕರೆದುಕೊಂಡು ಬಂದು ಇನ್ನೂರನ್ನು ಹಿಂದಿರುಗಿಸಿದರು. ಹುಡುಗನನ್ನು ಗದರಿಸಿದರು. ಅವನು ಒಪ್ಪಿಯೇ ಕೊಂಡನಲ್ಲವೇ ಎಂದು ಹುಡುಗನು ವಾದಿಸಿದನು. ನಿನಗೆ ನೀನು ಬಯಸುವುದನ್ನು ಅವನಿಗೂ ಬಯಸಬೇಡವೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಇನ್ನೊಂದು ಘಟನೆ ನಮ್ಮ ಕಾಲಕ್ಕೆ ಇನ್ನಷ್ಟು ಹತ್ತಿರದ್ದು. ದೂರದ ಒಂದು ಪ್ರದೇಶದಲ್ಲಿ ಖಝ್ ಬೆಲೆ ಏರಿದರೆ ಕೆಲವೇ ದಿನಗಳಲ್ಲಿ ಬಸರಾದಲ್ಲಿಯೂ ಏರುತ್ತಿತ್ತು. ಅಲ್ಲಿ ಬೆಲೆಯೇರಿದ ಸುದ್ದಿ ಯೂನುಸರಿಗೆ ಮುಂಚಿತವಾಗಿ ಮುಟ್ಟಿತು. ಅವರು ಒಬ್ಬ ವರ್ತಕನಿಂದ ಮೂವತ್ತು ಸಾವಿರದ ಸರಕನ್ನು ಕೊಂಡರು. ಕೊಂಡಾದ ಮೇಲೆ ಮನಸ್ಸು ಕುಟುಕಿತು. ಇಂಥಲ್ಲಿ ಬೆಲೆ ಏರಿರುವುದು ನಿನಗೆ ಗೊತ್ತಿತ್ತೇ ಎಂದು ಕೇಳಿದರು. ಗೊತ್ತಿದ್ದರೆ ಮಾರುತ್ತಿರಲಿಲ್ಲ ಎಂದನು ಆತ. ನನ್ನ ಹಣ ಕೊಡು, ನಿನ್ನ ಸರಕು ತೆಗೆದುಕೋ ಎಂದು ವ್ಯವಹಾರವನ್ನೇ ರದ್ದುಪಡಿಸಿದರು. ಇಲ್ಲಿ ಸುಳ್ಳಿಲ್ಲ, ಕಲಬೆರಕೆಯಿಲ್ಲ, ಕೊಟ್ಟವನು ಕೊಟ್ಟ, ಕೊಂಡವನು ಕೊಂಡ. ಹನ್ನೆರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಜಗತ್ತಿನ ಷೇರುಪೇಟೆಗಳು ಒಳಸುದ್ದಿಯ ಲಾಭವನ್ನು ಅಪರಾಧವೆಂದು ಪರಿಗಣಿಸಿದವು. ಯೂನುಸರಿಗೆ ಯಾವ ಕಾನೂನೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಅವರದೇ ಮತ್ತೊಂದು ಪ್ರಸಂಗ ಚಿಕ್ಕದು. ಗಿರಾಕಿಯ ಮುಂದೆ ಬಟ್ಟೆ ಬಿಚ್ಚಿದ ಆಳು ಅದನ್ನು ನೋಡಿ, ಅಲ್ಲಾಹನೇ ನಮಗೆ ಸ್ವರ್ಗ ಕರುಣಿಸು ಎಂದನು. ಯೂನುಸರು ಬಟ್ಟೆಯನ್ನು ಮಡಚಿ ಒಳಗಿಡಲು ಹೇಳಿ ಮಾರುವುದನ್ನೇ ನಿಲ್ಲಿಸಿದರು. ಆ ಪ್ರಾರ್ಥನೆಯಲ್ಲಿ ಸರಕಿನ ಹೊಗಳಿಕೆ ಅಡಗಿತ್ತೆಂಬ ಅಂಜಿಕೆ ಅವರದು. ಅಂಗಡಿಯ ಫಲಕದ ಮೇಲೆ ಪವಿತ್ರ ನಾಮಗಳನ್ನು ಬರೆಸಿ ಗಿರಾಕಿಗಳನ್ನು ಸೆಳೆಯುವ ನಾವು ಈ ಪ್ರಸಂಗವನ್ನು ಇನ್ನೊಮ್ಮೆ ಓದಬಹುದು.

ಈಗ ಕೂಫಾಕ್ಕೆ ಬರೋಣ. ಇಮಾಮ್ ಅಬೂ ಹನೀಫಾ ನುಅ್‌ಮಾನ್ ಇಬ್ನ್ ಸಾಬಿತ್(ರಹ್) ಹಿಜರಿ 80ರಲ್ಲಿ, ಕ್ರಿ.ಶ. 699ರಲ್ಲಿ ಜನಿಸಿದರು. ಅವರದೂ ಖಝ್ ವ್ಯಾಪಾರವೇ. ಅಮ್ರ್ ಇಬ್ನ್ ಹುರೈಸ್ ಅವರ ಮನೆಯಲ್ಲಿ ಅಂಗಡಿ. ಹುಡುಗನ ಚುರುಕುತನವನ್ನು ಕಂಡು, ಅಂಗಡಿಗಳಿಗಲ್ಲ, ವಿದ್ವಾಂಸರ ಬಳಿಗೆ ಹೋಗು ಎಂದವರು ಶಅಬಿ. ಬಳಿಕ ಅವರು ಹಮ್ಮಾದ್ ಅವರ ಬಳಿ ಹದಿನೆಂಟು ವರ್ಷ ಶಿಷ್ಯವೃತ್ತಿ ಮಾಡಿದರು. ಹಮ್ಮಾದರ ಗುರು ಇಬ್ರಾಹೀಮ್ ನಖಈ, ಅವರಿಗೆ ವಿದ್ಯೆ ಬಂದುದು ಅಲ್ಕಮಾ ಅವರಿಂದ, ಅಲ್ಕಮಾರಿಗೆ ಇಬ್ನ್ ಮಸ್‌ಊದ್(ರ) ಅವರಿಂದ. ದೇವಭಯವನ್ನು ವಿವೇಕದ ಶಿರಸ್ಸೆಂದವರ ವಿದ್ಯೆ ಈ ದಾರಿಯಲ್ಲಿ ಬಟ್ಟೆಯಂಗಡಿಯೊಂದನ್ನು ತಲುಪಿತು. ನಮ್ಮ ನಾಡಿನ ಬಯಲುಸೀಮೆಯ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವುದು ಇವರ ಮದ್‌ಹಬನ್ನು. ಕರಾವಳಿಯ ಬ್ಯಾರಿಗಳೂ ನವಾಯತರೂ ಶಾಫಿಈಗಳು. ಆದರೆ ಇಮಾಮ್ ಶಾಫಿಈಯವರೂ ಅಬೂ ಹನೀಫಾರ ಶಿಷ್ಯ ಮುಹಮ್ಮದ್ ಶೈಬಾನಿಯವರ ಬಳಿ ಕಲಿತವರೇ.

ಅಬೂ ಹನೀಫಾರ ಬುದ್ಧಿಯ ಹರಿತದ ಬಗ್ಗೆ ವಿರೋಧಿಗಳಲ್ಲಿಯೂ ಎರಡು ಮಾತಿರಲಿಲ್ಲ. ಹಣವನ್ನು ಹೂತಿಟ್ಟು ಜಾಗ ಮರೆತವನೊಬ್ಬ ಅವರ ಬಳಿಗೆ ಬಂದನು. ಇದು ಫಿಕ್‌ಹ್‌ನ ಪ್ರಶ್ನೆಯಲ್ಲ, ಆದರೂ ಇಂದು ರಾತ್ರಿಯಿಡೀ ನಮಾಝ್ ಮಾಡು ಎಂದರು. ರಾತ್ರಿಯ ಕಾಲುಭಾಗ ಕಳೆಯುವುದರೊಳಗೆ ಅವನಿಗೆ ಜಾಗ ನೆನಪಾಯಿತು. ಶೈತಾನನು ನಿನ್ನನ್ನು ಬೆಳಗಿನವರೆಗೆ ನಮಾಝ್ ಮಾಡಲು ಬಿಡಲಾರನೆಂದು ನನಗೆ ಗೊತ್ತಿತ್ತು, ಆದರೆ ಕೃತಜ್ಞತೆಗಾಗಿಯಾದರೂ ನೀನು ಉಳಿದ ರಾತ್ರಿಯನ್ನು ಪೂರ್ತಿಗೊಳಿಸಬಾರದಿತ್ತೇ ಎಂದರಂತೆ.

ಇಂತಹ ಬುದ್ಧಿ ಅಂಗಡಿಯಲ್ಲಿ ಕುಳಿತರೆ ಗಿರಾಕಿಯ ಗತಿಯೇನು? ಒಬ್ಬ ಮಹಿಳೆ ರೇಷ್ಮೆಯ ಉಡುಪೊಂದನ್ನು ಮಾರಲು ತಂದು ನೂರು ದಿರ್ಹಮ್ ಕೇಳಿದಳು. ಇದು ಹೆಚ್ಚು ಬಾಳುತ್ತದೆ ಎಂದರು ಇಮಾಮರು. ಇನ್ನೂರು ಎಂದಳು, ಇನ್ನೂ ಹೆಚ್ಚು ಎಂದರು. ಹೀಗೆ ನಾನೂರಕ್ಕೆ ಮುಟ್ಟಿತು. ನನ್ನನ್ನು ಗೇಲಿ ಮಾಡುತ್ತಿರುವಿರಾ ಎಂದು ಅವಳು ಕೇಳಿದಾಗ, ಬೆಲೆ ಬಲ್ಲವನೊಬ್ಬನನ್ನು ಕರೆದುಕೊಂಡು ಬಾ ಎಂದರು. ಕೊನೆಗೆ ಐನೂರಕ್ಕೆ ವ್ಯಾಪಾರವಾಯಿತು. ಇನ್ನೊಮ್ಮೆ ಬಡ ವೃದ್ಧೆಯೊಬ್ಬಳು ಬಟ್ಟೆ ಕೊಳ್ಳಲು ಬಂದು ಅಸಲಿಗೇ ಕೊಡಿರೆಂದು ಬೇಡಿದಳು. ನಾಲ್ಕು ದಿರ್ಹಮ್ ಕೊಡು ಎಂದರು. ಅವಳಿಗೂ ಇದು ಗೇಲಿಯಂತೆ ತೋರಿತು. ನಾನು ಎರಡು ಉಡುಪುಗಳನ್ನು ಒಟ್ಟಿಗೆ ಕೊಂಡಿದ್ದೆ, ಒಂದನ್ನು ಮಾರಿದಾಗ ನಾಲ್ಕು ದಿರ್ಹಮಿನ ಹೊರತು ನನ್ನ ಅಸಲೆಲ್ಲ ಬಂದುಬಿಟ್ಟಿತು, ಆದುದರಿಂದ ಇದರ ಅಸಲು ನಾಲ್ಕೇ ಎಂದು ಲೆಕ್ಕ ಒಪ್ಪಿಸಿದರು. ಸುಳ್ಳಾಡದೆ, ದಾನವೆಂದು ಅವಳಿಗೆ ಅನ್ನಿಸದಂತೆ, ಅವಳ ಮಾನವನ್ನು ಕಾದ ಲೆಕ್ಕವದು. ಬುದ್ಧಿಯ ಹರಿತ ಕುಂದಿರಲಿಲ್ಲ. ಅಲಗಿನ ದಿಕ್ಕು ಮಾತ್ರ ಬದಲಾಗಿತ್ತು.

ಎಲ್ಲಕ್ಕಿಂತ ಹೆಚ್ಚು ಚಿಂತನೆಗೆ ಹಚ್ಚುವುದು ಪಾಲುದಾರ ಹಫ್ಸ್ ಇಬ್ನ್ ಅಬ್ದುರ್ರಹ್ಮಾನರ ಪ್ರಕರಣ. ಇಮಾಮರು ಅವರಿಗೆ ಸರಕನ್ನು ಕಳುಹಿಸುವಾಗ ಒಂದು ಬಟ್ಟೆಯಲ್ಲಿ ದೋಷವಿರುವುದನ್ನು ಹೇಳಿ, ಮಾರುವಾಗ ಗಿರಾಕಿಗೆ ತಿಳಿಸಬೇಕೆಂದಿದ್ದರು. ಹಫ್ಸ್ ಮರೆತು ಮಾರಿದರು. ಕೊಂಡವನು ಯಾರೆಂದೂ ತಿಳಿಯದಾಯಿತು. ಇಮಾಮರು ಆ ಸರಕಿನಿಂದ ಬಂದ ಪೂರ್ತಿ ಹಣವನ್ನು ದಾನ ಮಾಡಿಬಿಟ್ಟರು.

ಈ ಪ್ರಕರಣವನ್ನು ಫಿಕ್‌ಹ್‌ನ ನಿಯಮದ ಪಕ್ಕದಲ್ಲಿಟ್ಟು ನೋಡಬೇಕು. ಕೊಂಡ ವಸ್ತುವಿನಲ್ಲಿ ಮೊದಲೇ ಇದ್ದ ದೋಷ ನಂತರ ಕಂಡುಬಂದರೆ, ಹಿಂದಿರುಗಿಸುವ ಅಥವಾ ಪೂರ್ಣ ಬೆಲೆಗೇ ಇರಿಸಿಕೊಳ್ಳುವ ಆಯ್ಕೆ ಗಿರಾಕಿಗಿದೆ. ಇದನ್ನು 'ಖಿಯಾರುಲ್ ಐಬ್' ಎನ್ನುತ್ತಾರೆ. ಸ್ವತಃ ಅಬೂ ಹನೀಫಾರ ಮದ್‌ಹಬಿನ ನಿಯಮವಿದು. ಈ ನಿಯಮ ಚಲಿಸಬೇಕಾದರೆ ಗಿರಾಕಿ ದೋಷವನ್ನು ಕಾಣಬೇಕು, ಮಾರಿದವನನ್ನು ಹುಡುಕಿ ಬರಬೇಕು, ದೋಷ ಮೊದಲಿನದೆಂದು ತೋರಿಸಬೇಕು. ಹಫ್ಸರ ಗಿರಾಕಿ ಬರಲೇ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ವ್ಯಾಜ್ಯವೇ ಇರಲಿಲ್ಲ. ನ್ಯಾಯಾಲಯದ ಬಾಗಿಲು ಮುಚ್ಚಿದ ನಂತರವೂ ತೆರೆದಿರುವ ಕಣ್ಣೊಂದಿದೆಯೆಂಬ ಅರಿವಷ್ಟೇ ಅಲ್ಲಿ ಉಳಿದಿತ್ತು.

ನಮ್ಮ ಮದ್ರಸಗಳಲ್ಲಿ ಒಂದು ಕೊರತೆಯಿದೆ, ಅಧ್ಯಾಪಕನಾಗಿ ಅದನ್ನು ಹೇಳದಿರಲಾರೆ. ವುಝೂವಿನ ನೀರಿನ ಪಾಠಕ್ಕೆ ನಾವು ತಿಂಗಳುಗಟ್ಟಲೆ ಕೊಡುತ್ತೇವೆ. ಕ್ರಯವಿಕ್ರಯದ ಅಧ್ಯಾಯಕ್ಕೆ ಬರುವಷ್ಟರಲ್ಲಿ ವರ್ಷದ ಕೊನೆಯಾಗಿರುತ್ತದೆ; ಅವಸರದಲ್ಲಿ ಓದಿಸಿ ಮುಗಿಸುತ್ತೇವೆ. ಹುಡುಗರಲ್ಲಿ ಅನೇಕರು ಮುಂದೆ ಕೂರುವುದು ಅಂಗಡಿಗಳಲ್ಲಿಯೇ. ಅಬೂ ಹನೀಫಾರು ಎಷ್ಟು ರಾತ್ರಿ ನಿದ್ದೆಗೆಟ್ಟು ನಮಾಝ್ ಮಾಡಿದರೆಂಬ ಕಥೆಗಳು ಅವರಿಗೆ ಬಾಯಿಪಾಠವಾಗಿರುತ್ತವೆ. ದೋಷವಿದ್ದ ಬಟ್ಟೆಯ ಕಥೆಯನ್ನು ಕೇಳಿದವರು ವಿರಳ. ಕೂಫಾದಲ್ಲಿ ಕುರಿಯೊಂದು ಕಳುವಾದಾಗ, ಕುರಿಯ ಆಯಸ್ಸನ್ನು ವಿಚಾರಿಸಿ, ಏಳು ವರ್ಷ ಇಮಾಮರು ಕುರಿಮಾಂಸ ತಿನ್ನಲಿಲ್ಲವೆಂಬ ವರದಿಯೂ ಇದೆ. ಅಂತಹುದು ಎಲ್ಲರಿಂದ ನಿರೀಕ್ಷಿಸಬಹುದಾದ ಸಂಗತಿಯಲ್ಲ, ಶರೀಅತ್ ಅದನ್ನು ನಿರೀಕ್ಷಿಸುವುದೂ ಇಲ್ಲ. ಸರಕಿನ ದೋಷವನ್ನು ಹೇಳಿ ಮಾರುವುದಾದರೋ ಪ್ರತಿಯೊಬ್ಬ ವ್ಯಾಪಾರಿಯ ಕೈಲಾಗುವ ಮಾತು. ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒದ್ದೆಯನ್ನು ಕಂಡ ಪ್ರವಾದಿ(ಸ)ಯವರು ವ್ಯಾಪಾರಿಗೆ ಹೇಳಿದ್ದೂ ಅಷ್ಟೇ: ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು.

ಲಾಭ ಬರಲಿಲ್ಲವೆಂದಲ್ಲ. ಇಮಾಮರ ವ್ಯಾಪಾರ ಚೆನ್ನಾಗಿಯೇ ನಡೆಯಿತು. ವರ್ಷದ ಲಾಭದಿಂದ ಅವರು ಹದೀಸ್ ವಿದ್ವಾಂಸರಿಗೆ ಬೇಕಾದ ಆಹಾರ, ಉಡುಪುಗಳನ್ನು ಕೊಂಡು, ಉಳಿದ ಹಣವನ್ನೂ ಅವರಿಗೇ ಕಳುಹಿಸುತ್ತಿದ್ದರು. ಇದು ನಿಮ್ಮದೇ ಸರಕಿನ ಲಾಭ, ನನಗಲ್ಲ, ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಿ ಎನ್ನುತ್ತಿದ್ದರು. ಬಡ ಕುಟುಂಬದ ಶಿಷ್ಯ ಅಬೂ ಯೂಸುಫರ ಖರ್ಚನ್ನು ಹೊತ್ತವರೂ ಅವರೇ. ಆ ಹುಡುಗನೇ ಮುಂದೆ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ನ್ಯಾಯಾಧೀಶನಾಗಿ, ಭೂಕಂದಾಯವನ್ನು ಕುರಿತ ತನ್ನ ಗ್ರಂಥದ ಆರಂಭದಲ್ಲಿಯೇ ಖಲೀಫನಿಗೆ ದೇವಭಯದ ಬುದ್ಧಿವಾದ ಬರೆದನು.

ಗುರುವಾದರೋ ನ್ಯಾಯಾಧೀಶರ ಪದವಿಯನ್ನೇ ಒಲ್ಲೆನೆಂದರು. ಉಮವೀ ಗವರ್ನರ್ ಇಬ್ನ್ ಹುಬೈರಾ ಛಡಿಯೇಟು ಹೊಡೆಸಿದರೂ ಒಪ್ಪಲಿಲ್ಲ. ಬಳಿಕ ಅಬ್ಬಾಸೀ ಖಲೀಫ ಮನ್ಸೂರ್ ಹೊಸ ರಾಜಧಾನಿ ಬಗ್ದಾದಿಗೆ ಕರೆಸಿದನು. ನಾನು ಅದಕ್ಕೆ ಯೋಗ್ಯನಲ್ಲ ಎಂದರು ಇಮಾಮರು. ಸುಳ್ಳು ಹೇಳುತ್ತಿರುವೆ ಎಂದು ಖಲೀಫ ಸಿಡುಕಿದನು. ಹಾಗಾದರೆ ತೀರ್ಪನ್ನು ನೀವೇ ಕೊಟ್ಟಂತಾಯಿತು, ಸುಳ್ಳುಗಾರನನ್ನು ನ್ಯಾಯಾಧೀಶನನ್ನಾಗಿ ನೇಮಿಸಬಹುದೇ ಎಂಬ ಉತ್ತರ ಬಂತು. ಹಿಜರಿ 150ರಲ್ಲಿ, ಕ್ರಿ.ಶ. 767ರಲ್ಲಿ ಅವರು ಬಗ್ದಾದಿನಲ್ಲಿ ನಿಧನರಾದಾಗ ಸೆರೆಯಲ್ಲಿದ್ದರೆಂದೇ ಹೆಚ್ಚಿನ ವರದಿಗಳು ಹೇಳುತ್ತವೆ.

ಸಾಯುವ ಮುನ್ನ ಅವರು ಒಂದು ಜಮೀನಿನ ಕುರಿತೂ ವಿಚಾರಿಸಿಕೊಂಡಿದ್ದರು. ತಮ್ಮನ್ನು ಖೈಝುರಾನ್ ದಫನಭೂಮಿಯಲ್ಲಿಯೇ ಹೂಳಬೇಕೆಂದು ವಸಿಯ್ಯತ್ ಮಾಡಿದರು. ಆ ನೆಲವನ್ನು ಯಾರಿಂದಲೂ ಬಲವಂತವಾಗಿ ಕಿತ್ತುಕೊಂಡಿರಲಿಲ್ಲ ಎಂಬುದೇ ಕಾರಣ. ಇದು ಮನ್ಸೂರನ ಕಿವಿಗೆ ಬಿದ್ದಾಗ, ಬದುಕಿದ್ದಾಗಲೂ ಸತ್ತ ಮೇಲೂ ಈ ಮನುಷ್ಯನಿಂದ ನನ್ನನ್ನು ಕಾಪಾಡುವವರು ಯಾರು ಎಂದನಂತೆ. ಆ ದಫನಭೂಮಿಯ ಸುತ್ತ ಬೆಳೆದ ಬಗ್ದಾದಿನ ಬಡಾವಣೆಗೆ ಇಂದಿಗೂ ಅವರ ಬಿರುದಿನಿಂದ ಬಂದ ಹೆಸರೇ ಇದೆ: ಅಅ್‌ಝಮಿಯ್ಯಾ.